ಕಂಪನಿ ಒಡೆದಾಗ ಅಸಲು ಎಲ್ಲಿಗೆ ಹೋಗುತ್ತದೆ? ಡಿಮರ್ಜರ್ ಷೇರಿನ ಖರೀದಿ ಬೆಲೆ ಕುರಿತು ಒಂದು ಟಿಪ್ಪಣಿ

ಕಂಪನಿಯೊಂದು ತನ್ನ ಒಂದು ವ್ಯವಹಾರವನ್ನು ಬೇರೆ ಕಂಪನಿಯಾಗಿ ಒಡೆದು, ಅದರ ಷೇರುಗಳನ್ನು ತನ್ನ ಷೇರುದಾರರಿಗೇ ಹಂಚಿದರೆ ಅದು ಡಿಮರ್ಜರ್. ಹೀಗೆ ಬಂದ ಷೇರನ್ನು ಬಹಳ ಜನ ಬೋನಸ್ ಷೇರಿನ ಸಾಲಿಗೇ ಸೇರಿಸಿಬಿಡುತ್ತಾರೆ. ಕೈಯಿಂದ ಕಾಸು ಹೋಗಿಲ್ಲ, ಹಾಗಾಗಿ ಇದು ಪುಕ್ಕಟೆ ಎಂಬ ಎಣಿಕೆ. ತೆರಿಗೆ ಕಾನೂನು ಹಾಗೆ ನೋಡುವುದಿಲ್ಲ. ಬೋನಸ್ ಷೇರಿನ ಖರೀದಿ ಬೆಲೆ ಸಾಮಾನ್ಯವಾಗಿ ಸೊನ್ನೆ. ಡಿಮರ್ಜರ್ ಷೇರಿಗಾದರೋ ಬೆಲೆ ಇದೆ. ಮೂಲ ಷೇರಿಗೆ ನೀವು ಎಂದೋ ಕೊಟ್ಟಿದ್ದ ದುಡ್ಡಿನ ಒಂದು ಭಾಗವೇ ಆ ಬೆಲೆ. ಆ ಭಾಗ ಎಷ್ಟು, ಅದನ್ನು ನಿರ್ಧರಿಸುವವರು ಯಾರು, ಪೇಟೆಯ ದರಕ್ಕೂ ಅದಕ್ಕೂ ಏನು ನಂಟು ಎಂಬುದನ್ನು ಎರಡು ಇತ್ತೀಚಿನ ಪ್ರಕರಣಗಳ ಮೂಲಕ ನೋಡಬಹುದು.

ಮೊದಲನೆಯದು ಐಟಿಸಿ. ಹೋಟೆಲ್ ವ್ಯವಹಾರವನ್ನು ಬೇರ್ಪಡಿಸುವ ಯೋಜನೆಗೆ ಕೋಲ್ಕತ್ತದ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ 2024ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. 2025ರ ಜನವರಿ 1ರಿಂದ ಯೋಜನೆ ಜಾರಿಗೆ ಬಂತು, ಜನವರಿ 6 ರೆಕಾರ್ಡ್ ಡೇಟ್, ಅಂದರೆ ಹೊಸ ಷೇರಿಗೆ ಯಾರು ಅರ್ಹರೆಂದು ಗೊತ್ತುಮಾಡುವ ದಿನ. ಐಟಿಸಿಯ ಪ್ರತಿ 10 ಷೇರಿಗೆ ಐಟಿಸಿ ಹೋಟೆಲ್ಸ್‌ನ 1 ಷೇರು. ಹೊಸ ಕಂಪನಿಯ ಶೇ 40ರಷ್ಟನ್ನು ಐಟಿಸಿ ತನ್ನಲ್ಲೇ ಇಟ್ಟುಕೊಂಡು ಉಳಿದ ಶೇ 60ನ್ನು ಷೇರುದಾರರಿಗೆ ಹಂಚಿತು. ಅಂದರೆ ಷೇರುದಾರನಿಗೆ ಹೋಟೆಲಿನಲ್ಲಿ ಎರಡು ದಾರಿಯ ಪಾಲು: ಡಿಮ್ಯಾಟ್ ಖಾತೆಗೆ ನೇರವಾಗಿ ಬಂದದ್ದೊಂದು, ಐಟಿಸಿ ಷೇರಿನ ಒಳಗೇ ಉಳಿದದ್ದು ಇನ್ನೊಂದು.

ಆಮೇಲೆ ಐಟಿಸಿ ತನ್ನ ಷೇರುದಾರರಿಗೆ ತಿಳಿಸಿದ ವೆಚ್ಚ ಹಂಚಿಕೆ ಹೀಗಿತ್ತು: ಐಟಿಸಿಗೆ ಶೇ 86.49, ಐಟಿಸಿ ಹೋಟೆಲ್ಸ್‌ಗೆ ಶೇ 13.51. ಇದನ್ನು ಒಂದು ಲೆಕ್ಕಕ್ಕೆ ಹಚ್ಚೋಣ. ಒಬ್ಬರು 400 ರೂಪಾಯಿ ದರದಲ್ಲಿ 100 ಐಟಿಸಿ ಷೇರು ಕೊಂಡಿದ್ದರು ಎಂದುಕೊಳ್ಳಿ, ಅಸಲು 40,000. ಡಿಮರ್ಜರ್ ನಂತರ ಅದರಲ್ಲಿ 34,596 ರೂಪಾಯಿ ಐಟಿಸಿಯ 100 ಷೇರಿನ ಮೇಲೆ, 5,404 ರೂಪಾಯಿ ಹೋಟೆಲಿನ 10 ಷೇರಿನ ಮೇಲೆ ಕೂರುತ್ತದೆ. ಐಟಿಸಿಯ ಖರೀದಿ ಬೆಲೆ ಷೇರಿಗೆ 345.96ಕ್ಕೆ ಇಳಿಯಿತು, ಹೋಟೆಲಿನದು 540.40 ಆಯಿತು. 2025ರ ಜನವರಿ 29ರಂದು ಐಟಿಸಿ ಹೋಟೆಲ್ಸ್ ಪೇಟೆಗೆ ಬಂದಾಗ ಎನ್‌ಎಸ್‌ಇಯಲ್ಲಿ ಅದರ ಆರಂಭದ ದರ 180 ರೂಪಾಯಿ. ಆ ಬೆಳಿಗ್ಗೆ ಹತ್ತನ್ನೂ ಮಾರಿದವರ ಕೈಗೆ ಬಂದದ್ದು 1,800. ಕಾನೂನಿನ ಕಣ್ಣಿನಲ್ಲಿ ಅವರಿಗಾದದ್ದು 3,604 ರೂಪಾಯಿ ನಷ್ಟ. ‘ಪುಕ್ಕಟೆ ಬಂದದ್ದು, 1,800 ಪೂರ್ತಿ ಲಾಭ’ ಎಂದು ರಿಟರ್ನ್‌ನಲ್ಲಿ ಬರೆದವರು ಇಲ್ಲದ ಲಾಭಕ್ಕೆ ತೆರಿಗೆ ಕಟ್ಟಿದರು. ಅವರೇ ಮುಂದೆ ಐಟಿಸಿ ಷೇರನ್ನು ಮಾರುವಾಗ ಹಳೆಯ 400 ರೂಪಾಯಿಯನ್ನೇ ಹಿಡಿದರೆ ಅಲ್ಲಿ ಲಾಭ ಕಡಿಮೆ ತೋರಿಸಿದಂತಾಗುತ್ತದೆ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ, ಅದೂ ಬೇರೆ ಬೇರೆ ವರ್ಷಗಳಲ್ಲಿ. ಒಂದನ್ನೊಂದು ಸರಿತೂಗಿಸುತ್ತದೆ ಎಂದು ಇಲಾಖೆ ಸುಮ್ಮನಿರುವುದಿಲ್ಲ.

ಎರಡನೆಯದು ರಿಲಯನ್ಸ್. 2023ರ ಜುಲೈ 20 ರೆಕಾರ್ಡ್ ಡೇಟ್, ಪ್ರತಿ ರಿಲಯನ್ಸ್ ಷೇರಿಗೆ ಮುಂದೆ ಜಿಯೊ ಫೈನಾನ್ಶಿಯಲ್ ಎಂದು ಹೆಸರಾದ ಕಂಪನಿಯ ಒಂದು ಷೇರು. ವೆಚ್ಚ ಹಂಚಿಕೆ ರಿಲಯನ್ಸ್‌ಗೆ ಶೇ 95.32, ಹೊಸ ಕಂಪನಿಗೆ ಶೇ 4.68. ರಿಲಯನ್ಸ್ ಅನ್ನು 2,000 ರೂಪಾಯಿಗೆ ಕೊಂಡವರಿಗೆ ಜಿಯೊ ಷೇರಿನ ಖರೀದಿ ಬೆಲೆ 93.60. ಅದೇ ವರ್ಷದ ಆಗಸ್ಟ್ 21ರಂದು ಅದು ಎನ್‌ಎಸ್‌ಇಯಲ್ಲಿ ತೆರೆದದ್ದು 262 ರೂಪಾಯಿಗೆ. ಇಲ್ಲಿ ಲಾಭವೇ ಲಾಭ.

ಈ ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ವಿಚಿತ್ರ ಕಾಣುತ್ತದೆ. ಒಡೆದುಹೋದ ಭಾಗಕ್ಕೆ ಪೇಟೆ ಅಂದು ಎಷ್ಟು ಬೆಲೆ ಕಟ್ಟಿತ್ತು? ರೆಕಾರ್ಡ್ ಡೇಟ್‌ನ ಬೆಳಿಗ್ಗೆ ವಿಶೇಷ ಅವಧಿಯಲ್ಲಿ ಮೂಲ ಕಂಪನಿಯ ಹೊಸ ದರ ಗೊತ್ತುಮಾಡುತ್ತಾರೆ. ಹಿಂದಿನ ದಿನದ ದರದಿಂದ ಅದನ್ನು ಕಳೆದರೆ ಉಳಿಯುವುದು ಹೊಸ ಕಂಪನಿಯ ಅಂದಾಜು ಬೆಲೆ. ರಿಲಯನ್ಸ್ 2,841.85ರಿಂದ 2,580ಕ್ಕೆ ಬಂತು, ವ್ಯತ್ಯಾಸ 261.85, ಅಂದರೆ ಸುಮಾರು ಶೇ 9.2. ತೆರಿಗೆಯ ಹಂಚಿಕೆ ಅದರ ಅರ್ಧದಷ್ಟು. ಐಟಿಸಿಯಲ್ಲಿ ವ್ಯತ್ಯಾಸ ಷೇರಿಗೆ ಸುಮಾರು 26 ರೂಪಾಯಿ, ಶೇ 5.4ರ ಆಸುಪಾಸು. ತೆರಿಗೆಯ ಹಂಚಿಕೆ ಅದರ ಎರಡೂವರೆ ಪಟ್ಟು. ಪೇಟೆಯ ತಕ್ಕಡಿಯೂ ಕಾನೂನಿನ ತಕ್ಕಡಿಯೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಂದು ಪ್ರಕರಣದಲ್ಲಿ ಅತ್ತ ವಾಲಿದರೆ ಇನ್ನೊಂದರಲ್ಲಿ ಇತ್ತ.

ಕಾರಣ ಸೂತ್ರದಲ್ಲೇ ಇದೆ. 1961ರ ಆದಾಯ ತೆರಿಗೆ ಕಾಯ್ದೆಯ 49(2ಸಿ) ಪ್ರಕಾರ, ಹೊಸ ಕಂಪನಿಗೆ ವರ್ಗಾವಣೆಯಾದ ಆಸ್ತಿಗಳ ನಿವ್ವಳ ಪುಸ್ತಕ ಮೌಲ್ಯವನ್ನು ಒಡೆಯುವ ಮುಂಚಿನ ಮೂಲ ಕಂಪನಿಯ ನಿವ್ವಳ ಸಂಪತ್ತಿನಿಂದ ಭಾಗಿಸಿದಾಗ ಬರುವ ಪ್ರಮಾಣವೇ ಹೊಸ ಷೇರಿನ ಪಾಲು. ಅದೇ ಮೊತ್ತವನ್ನು 49(2ಡಿ) ಹಳೆಯ ಷೇರಿನ ಬೆಲೆಯಿಂದ ಕಳೆಯುತ್ತದೆ. ಪೇಟೆಯ ದರಕ್ಕೆ ಇಲ್ಲಿ ಜಾಗವೇ ಇಲ್ಲ. ನೆಲ ಕೊಂಡು, ಕಟ್ಟಡ ಎಬ್ಬಿಸಿ, ವರ್ಷಗಟ್ಟಲೆ ಕಾಯಬೇಕಾದ ಹೋಟೆಲಿನ ಆಸ್ತಿ ಪುಸ್ತಕದಲ್ಲಿ ದೊಡ್ಡದಾಗಿ ಕಾಣುತ್ತದೆ. ಐಟಿಸಿಯಲ್ಲೇ ಉಳಿದ ಸಿಗರೇಟಿನ ಗಳಿಕೆಯ ಶಕ್ತಿ ಯಾವ ಪುಸ್ತಕದಲ್ಲೂ ಆಸ್ತಿಯಾಗಿ ಕಾಣುವುದಿಲ್ಲ, ಪೇಟೆಗೆ ಮಾತ್ರ ಅದು ಗೊತ್ತು. ಜಿಯೊ ಫೈನಾನ್ಶಿಯಲ್ ಕಥೆ ತಿರುಗುಮುರುಗು. ಅದರ ಬಳಿ ಇದ್ದ ದೊಡ್ಡ ಸ್ವತ್ತು ರಿಲಯನ್ಸ್‌ನದೇ ಸುಮಾರು ಶೇ 6.1ರಷ್ಟು ಷೇರು. ಪುಸ್ತಕದ ಬೆಲೆಗೂ ಪೇಟೆಯ ಬೆಲೆಗೂ ಅಲ್ಲಿ ಅಂತರ ಹೆಚ್ಚಿದ್ದುದೇ ಕಡಿಮೆ ಹಂಚಿಕೆಗೆ ಮುಖ್ಯ ಕಾರಣ ಎಂಬುದು ನನ್ನ ಓದು.

ಅಮೆರಿಕದಲ್ಲಿ ಲೆಕ್ಕ ಬೇರೆ. ಅಲ್ಲಿ ತೆರಿಗೆರಹಿತ ಸ್ಪಿನ್-ಆಫ್ ಆದಾಗ ಎರಡೂ ಷೇರುಗಳ ಪೇಟೆ ಮೌಲ್ಯದ ಅನುಪಾತದಲ್ಲೇ ಅಸಲನ್ನು ಹಂಚುತ್ತಾರೆ, ಅದಕ್ಕೆಂದೇ ಕಂಪನಿಗಳು ಫಾರ್ಮ್ 8937 ಪ್ರಕಟಿಸುತ್ತವೆ. ಜನರಲ್ ಎಲೆಕ್ಟ್ರಿಕ್ 2023ರಲ್ಲಿ ಪ್ರತಿ 3 ಷೇರಿಗೆ ಜಿಇ ಹೆಲ್ತ್‌ಕೇರ್‌ನ 1 ಷೇರನ್ನೂ 2024ರಲ್ಲಿ ಪ್ರತಿ 4 ಷೇರಿಗೆ ಜಿಇ ವರ್ನೋವಾದ 1 ಷೇರನ್ನೂ ಹಂಚಿತು. ಬೆಂಗಳೂರಿನಲ್ಲಿ ಕೂತು ಅಮೆರಿಕದ ಕಂಪನಿಯ ಷೇರನ್ನು ಸಂಬಳದ ಭಾಗವಾಗಿ ಪಡೆದವರು ಬಹಳ ಮಂದಿ ಇದ್ದಾರೆ. ಅಲ್ಲಿನ ಬ್ರೋಕರ್ ಕಳಿಸುವ ಪಟ್ಟಿಯಲ್ಲಿರುವುದು ಅಲ್ಲಿನ ಕಾನೂನಿನ ಅಂಕಿ ಎಂಬುದು ನೆನಪಿರಲಿ. ಅದನ್ನು ಇಲ್ಲಿಯ ರಿಟರ್ನ್‌ಗೆ ಎತ್ತಿ ಹಾಕುವ ಮುಂಚೆ ಲೆಕ್ಕಪರಿಶೋಧಕರನ್ನು ಕೇಳುವುದು ಒಳ್ಳೆಯದು.

ಹೊಸ ಷೇರಿಗೆ ಪೇಟೆಯೇ ಇರುತ್ತದೆ ಎಂಬ ಖಾತರಿಯೂ ಇಲ್ಲ. 2013ರಲ್ಲಿ ವಿಪ್ರೊ ತನ್ನ ಐಟಿಯೇತರ ವ್ಯವಹಾರಗಳನ್ನು, ಅಂದರೆ ಸಾಬೂನು, ದೀಪ, ಎಂಜಿನಿಯರಿಂಗ್ ಇತ್ಯಾದಿಗಳನ್ನು, ಕರ್ನಾಟಕ ಹೈಕೋರ್ಟಿನ ಒಪ್ಪಿಗೆಯೊಂದಿಗೆ ವಿಪ್ರೊ ಎಂಟರ್‌ಪ್ರೈಸಸ್‌ಗೆ ಒಡೆಯಿತು. ಆ ಕಂಪನಿ ಪೇಟೆಯಲ್ಲಿ ನೋಂದಣಿಯಾಗಲಿಲ್ಲ. ಹಾಗಾಗಿ ಷೇರುದಾರರ ಮುಂದೆ ಮೂರು ಆಯ್ಕೆ ಇದ್ದವು: ವಿಪ್ರೊದ ಪ್ರತಿ 5 ಷೇರಿಗೆ ಹೊಸ ಕಂಪನಿಯ 1 ಷೇರು ಪಡೆಯುವುದು, ಇಲ್ಲವೇ 50 ರೂಪಾಯಿ ಮುಖಬೆಲೆಯ, ಶೇ 7ರ ಒಂದು ಆದ್ಯತಾ ಷೇರು, ಅದೂ ಬೇಡವಾದರೆ ಹೊಸ ಕಂಪನಿಯ ಪ್ರತಿ 1.65 ಷೇರನ್ನು ಪ್ರವರ್ತಕರ ಬಳಿಯ 1 ವಿಪ್ರೊ ಷೇರಿಗೆ ಬದಲಿಸಿಕೊಳ್ಳುವುದು. ಪ್ರವರ್ತಕರ ಪಾಲನ್ನು ಶೇ 75ಕ್ಕೆ ಇಳಿಸಬೇಕೆಂಬ ಸೆಬಿ ನಿಯಮ ಆಗ ತಲೆಯ ಮೇಲಿತ್ತು. ಮೂರನೆಯ ಆಯ್ಕೆಯ ಹಿಂದಿನ ಲೆಕ್ಕಾಚಾರ ಅದು. ಯೋಜನೆಯ ದಾಖಲೆ ಬಂದಾಗ ಹೊಸ ಷೇರು ನೋಂದಣಿಯಾಗುತ್ತದೆಯೇ ಎಂದು ಮೊದಲು ಹುಡುಕಬೇಕು.

ನೋಂದಣಿಯಾಗುವುದಿದ್ದರೂ ರೆಕಾರ್ಡ್ ಡೇಟ್‌ಗೂ ವಹಿವಾಟಿನ ಮೊದಲ ದಿನಕ್ಕೂ ನಡುವೆ ವಾರಗಳೇ ಹೋಗುತ್ತವೆ. ಆ ಅವಧಿಯಲ್ಲಿ ಮೊಬೈಲಿನ ಪರದೆ ಗಾಬರಿ ಹುಟ್ಟಿಸುತ್ತದೆ. 2025ರ ಅಕ್ಟೋಬರ್ 14ರಂದು ಟಾಟಾ ಮೋಟಾರ್ಸ್ 660ರ ಆಸುಪಾಸಿನಿಂದ 400ಕ್ಕೆ ಇಳಿದಂತೆ ಕಂಡಿತು. ಹೋದದ್ದು ಡಿಮರ್ಜರ್‌ನಲ್ಲಿ ಬೇರ್ಪಟ್ಟ ಲಾರಿ-ಬಸ್ಸಿನ ವ್ಯವಹಾರದ ಬೆಲೆ, ಅದರ ಷೇರು ಇನ್ನೂ ಖಾತೆಗೆ ಬಂದಿರಲಿಲ್ಲ ಅಷ್ಟೆ. ಇನ್ನು ಮೊದಲ ದಿನಗಳ ಕುಸಿತ. ಸೂಚ್ಯಂಕ ನಿಧಿಗಳಿಗೆ ಈ ಷೇರು ತಾನಾಗಿ ಬಂದಿರುತ್ತದೆ, ಸೂಚ್ಯಂಕದಿಂದ ಅದನ್ನು ತೆಗೆಯುವಾಗ ಅವು ಮಾರಲೇಬೇಕು. ಜಿಯೊ ಷೇರು ಆರಂಭದಲ್ಲಿ ದಿನವೂ ಶೇ 5ರ ಕೆಳಮಿತಿ ಮುಟ್ಟುತ್ತಿದ್ದುದರಿಂದ ಆ ತೆಗೆಯುವಿಕೆಯೇ ಮುಂದಕ್ಕೆ ಹೋಯಿತು. ಈ ಮಾರಾಟ ಕಂಪನಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಲೆಕ್ಕ ಮಾಡುವಾಗ ಇನ್ನೂ ಕೆಲವು ಸಂಗತಿ ಗಮನದಲ್ಲಿರಬೇಕು. ಕಾಯ್ದೆಯ ಷರತ್ತುಗಳಿಗೆ ಒಳಪಟ್ಟ ಡಿಮರ್ಜರ್‌ನಲ್ಲಿ ಷೇರು ಕೈಗೆ ಬಂದ ದಿನ ತೆರಿಗೆ ಇಲ್ಲ, ಅದು ಲಾಭಾಂಶವೂ ಅಲ್ಲ. ಹಿಡುವಳಿ ಅವಧಿ ಮೂಲ ಷೇರು ಕೊಂಡ ದಿನದಿಂದಲೇ ಶುರು. 2015ರಲ್ಲಿ ಐಟಿಸಿ ಕೊಂಡವರು ಹೋಟೆಲ್ ಷೇರನ್ನು ಮೊದಲ ದಿನ ಮಾರಿದರೂ ಅದು ದೀರ್ಘಾವಧಿಯದೇ. ಬೇರೆ ಬೇರೆ ದಿನ ಕೊಂಡಿದ್ದರೆ ಪ್ರತಿ ಕಂತಿಗೂ ಬೇರೆಯಾಗಿ ಪ್ರಮಾಣ ಹಚ್ಚಬೇಕು, ಸರಾಸರಿ ನಡೆಯುವುದಿಲ್ಲ. ಡಿಮ್ಯಾಟ್‌ನಲ್ಲಿ ಮೊದಲು ಬಂದದ್ದೇ ಮೊದಲು ಮಾರಾಟವಾದಂತೆ ಲೆಕ್ಕ. 2018ರ ಫೆಬ್ರುವರಿಗೆ ಮುಂಚೆ ಕೊಂಡ ಷೇರುಗಳಿಗೆ ವಿಶೇಷ ನಿಯಮವಿದೆ. ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭದ ಎದುರು ಮಾತ್ರ ವಜಾ ಮಾಡಬಹುದು, ಉಳಿದದ್ದನ್ನು 8 ವರ್ಷ ಒಯ್ಯಬಹುದು, ರಿಟರ್ನ್ ಸಕಾಲಕ್ಕೆ ಸಲ್ಲಿಸಿದ್ದರೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಮೇಲಿನ ಸೆಕ್ಷನ್ ಸಂಖ್ಯೆಗಳನ್ನು ಹೊಸದರೊಂದಿಗೆ ಹೋಲಿಸಿ ನೋಡಬೇಕು.

ಇಷ್ಟಕ್ಕೂ ಆಧಾರವಾದ ಆ ಎರಡು ಶೇಕಡಾ ಅಂಕಿಗಳು ಷೇರುದಾರನಿಗೆ ಸಿಗುವುದು ಕಂಪನಿಯ ಒಂದು ಇಂಗ್ಲಿಷ್ ಪತ್ರದಲ್ಲಿ, ಇಲ್ಲವೇ ಅದರ ಜಾಲತಾಣದ ಒಂದು ಮೂಲೆಯಲ್ಲಿ. ಡಿಮ್ಯಾಟ್ ಖಾತೆದಾರರಿಗೆ ಬರುವ ಕ್ರೋಡೀಕೃತ ಪಟ್ಟಿಯಲ್ಲಿ ಷೇರಿನ ಸಂಖ್ಯೆಯೂ ಆ ದಿನದ ಬೆಲೆಯೂ ಇರುತ್ತವೆ, ಅಸಲಿನ ಹಂಚಿಕೆ ಇರುವುದಿಲ್ಲ. ಈ ಪಟ್ಟಿ ಕಳಿಸುವ ಎನ್‌ಎಸ್‌ಡಿಎಲ್ ಮತ್ತು ಸಿಡಿಎಸ್‌ಎಲ್‌ಗಳು ಹೊಸ ಷೇರು ಜಮೆಯಾದ ತಿಂಗಳ ಪಟ್ಟಿಯಲ್ಲೇ ಆ ಪ್ರಮಾಣವನ್ನು ಒಂದು ಸಾಲಿನಲ್ಲಿ ಮುದ್ರಿಸಬೇಕೆಂದು ಸೆಬಿ ಕಡ್ಡಾಯ ಮಾಡಲಿ. ಅಲ್ಲಿಯವರೆಗೆ ಓದುಗರು ಆ ಪತ್ರವನ್ನು ಮುದ್ರಿಸಿ, ಷೇರು ಕೊಂಡ ರಸೀತಿಯ ಜೊತೆಗೇ ಇಟ್ಟುಕೊಳ್ಳಿ; ಷೇರು ನಾಳೆ ಮಕ್ಕಳ ಹೆಸರಿಗೆ ಹೋದರೂ ಅವರು ಮಾರುವಾಗ ಹಿಡಿಯಬೇಕಾದದ್ದು ನಿಮ್ಮ ಖರೀದಿ ಬೆಲೆಯನ್ನೇ.