ಮೇ ತಿಂಗಳ ನಾಲ್ಕನೆಯ ತಾರೀಖು



ಚರಿತ್ರೆಯ ತಾರೀಖುಗಳೆಂದರೆ ಪರೀಕ್ಷೆಗಾಗಿ ಉರುಹೊಡೆದು ಮರುದಿನವೇ ಮರೆಯತಕ್ಕವುಗಳೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದುದರಿಂದ ಈಗ ಒಂದೇ ಒಂದು ತಾರೀಖನ್ನು ಹಿಡಿದು, ನಾಲ್ಕು ಬೇರೆ ಬೇರೆ ಶತಮಾನಗಳಲ್ಲಿ ಅದು ಕಂಡ ನಾಲ್ಕು ಘಟನೆಗಳನ್ನು ತಮ್ಮ ಮುಂದಿಡಲು ಯತ್ನಿಸುತ್ತೇನೆ.

ಕೊಲಂಬಸನು ತನ್ನ ಮೊದಲ ಯಾತ್ರೆಯಿಂದ ಹಿಂದಿರುಗಿ ಎರಡು ತಿಂಗಳು ಕಳೆದಿರಲಿಲ್ಲ. ೧೪೯೩ನೆಯ ಇಸವಿ ಮೇ ೪ನೆಯ ತಾರೀಖನ್ನು ಹೊತ್ತ ಶಾಸನದಲ್ಲಿ ಆರನೆಯ ಅಲೆಗ್ಜಾಂಡರ್ ಪೋಪನು ಅಟ್ಲಾಂಟಿಕ್ ಸಾಗರದ ನಡುವೆ ಒಂದು ಗೆರೆಯನ್ನೆಳೆದು, ಅದರಾಚೆಗೆ ಕಂಡುಹಿಡಿದ ಮತ್ತು ಮುಂದೆ ಕಂಡುಹಿಡಿಯಬಹುದಾದ, ಕ್ರೈಸ್ತ ದೊರೆಗಳ ವಶದಲ್ಲಿಲ್ಲದ ನೆಲವನ್ನೆಲ್ಲ ಸ್ಪೇನಿನ ಅರಸರಿಗೆ ದತ್ತಿಮಾಡಿದನು. ಪೋರ್ತುಗಲ್ಲಿನ ದೊರೆ ಇದಕ್ಕೆ ಒಪ್ಪದಿರಲು, ಮರುವರ್ಷ ಒಪ್ಪಂದವಾಗಿ ಗೆರೆಯು ಇನ್ನಷ್ಟು ಪಶ್ಚಿಮಕ್ಕೆ ಸರಿಯಿತು. ಆ ನೆಲದಲ್ಲಿ ತಲೆತಲಾಂತರದಿಂದ ಬಾಳುತ್ತಿದ್ದ ಜನಕ್ಕೆ ಮಾತ್ರ ಈ ದಾನದ ಸುದ್ದಿಯೂ ತಿಳಿಯದು. ಒಡೆಯನನ್ನು ಕೇಳದೆ ಗದ್ದೆಗೆ ಪತ್ರ ಬರೆದಂತಾಯಿತು.

ಎರಡನೆಯದು ನಮ್ಮ ಮನೆಯಂಗಳದಲ್ಲಿಯೇ ನಡೆದುದು. ೧೭೯೯ರ ಬೇಸಗೆಯಲ್ಲಿ ಜನರಲ್ ಹ್ಯಾರಿಸನ ಸೈನ್ಯವು ಶ್ರೀರಂಗಪಟ್ಟಣವನ್ನು ಮುತ್ತಿತ್ತು. ಮುಂಗಾರು ಹಿಡಿದು ಕಾವೇರಿ ತುಂಬಿದರೆ ಮುತ್ತಿಗೆಯೇ ನಿಷ್ಫಲ. ದಂಡಿನಲ್ಲಿ ಆಹಾರಕ್ಕೂ ಅಭಾವ. ಮೇ ೪ರ ಮಧ್ಯಾಹ್ನ ಸುಮಾರು ಒಂದು ಗಂಟೆಗೆ, ಹಿಂದೆ ಅದೇ ಪಟ್ಟಣದಲ್ಲಿ ಸೆರೆಯಾಳಾಗಿದ್ದ ಬೇರ್ಡನ ನಾಯಕತ್ವದಲ್ಲಿ ಸೈನಿಕರು ನದಿಯನ್ನು ದಾಟಿ, ಫಿರಂಗಿಗಳು ಒಡೆದಿದ್ದ ಕೋಟೆಯ ಕಂಡಿಯನ್ನು ನುಗ್ಗಿದರು. ಟಿಪ್ಪು ಸುಲ್ತಾನನು ಹೋರಾಡುತ್ತಲೇ ಮಡಿದನು. ಅವನ ದೇಹವು ಹೆಣಗಳ ರಾಶಿಯಲ್ಲಿ ದೊರೆತಾಗ ಕತ್ತಲಾಗಿತ್ತು. ಜೂನ್ ೩೦ರಂದು, ಇನ್ನೂ ಐದು ವರ್ಷ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಕೆನರಾ, ಕೊಯಮತ್ತೂರು ಸೀಮೆಗಳು ಕಂಪೆನಿಗೆ ಸೇರಿದವು. ನಿಜಾಮನಿಗೂ ಪಾಲು ದೊರೆಯಿತು. ಆ ಸೀಮೆಗಳ ರೈತರ ಅಭಿಪ್ರಾಯವನ್ನು ವಿಚಾರಿಸಿದವರಿಲ್ಲ.

ಮೂರನೆಯದು ಅಮೆರಿಕೆಯ ಷಿಕಾಗೋ ನಗರದಲ್ಲಿ, ೧೮೮೬ರಲ್ಲಿ. ದಿನಕ್ಕೆ ಎಂಟು ಗಂಟೆಗಳ ದುಡಿಮೆ ಸಾಕೆಂದು ಕಾರ್ಮಿಕರು ಮುಷ್ಕರ ಹೂಡಿದ್ದರು. ಮೇ ೩ರಂದು ಪೊಲೀಸರು ಗುಂಡು ಹಾರಿಸಿದರು. ಮರುದಿನದ ಪ್ರತಿಭಟನೆಯ ಸಭೆ ಮುಗಿಯುತ್ತಿದ್ದಾಗ, ಅದನ್ನು ಚದರಿಸಲು ಬಂದ ಪೊಲೀಸರ ಮೇಲೆ ಯಾರೋ ಬಾಂಬನ್ನೆಸೆದರು. ಎಸೆದವನು ಯಾರೆಂದು ಎಂದಿಗೂ ಗೊತ್ತಾಗಲಿಲ್ಲ. ಆದರೂ ಎಂಟು ಮಂದಿ ಅಪರಾಧಿಗಳೆನಿಸಿ, ನಾಲ್ವರು ಗಲ್ಲಿಗೇರಿದರು. ಸೆರೆಯಲ್ಲಿ ಉಳಿದಿದ್ದ ಮೂವರನ್ನು ೧೮೯೩ರಲ್ಲಿ ಗವರ್ನರ್ ಆಲ್ಟ್‌ಗೆಲ್ಡನು ಬಿಡುಗಡೆ ಮಾಡಿ, ನಡೆದ ವಿಚಾರಣೆ ನ್ಯಾಯವಾದುದಲ್ಲವೆಂದು ಸಾರಿದನು.

ಕೊನೆಯದು ೧೯೧೯ರದು. ಮಹಾಯುದ್ಧದಲ್ಲಿ ಚೀನಾ ದೇಶವು ಮಿತ್ರರಾಷ್ಟ್ರಗಳ ಪಕ್ಷವನ್ನು ಸೇರಿ, ಫ್ರಾನ್ಸಿಗೆ ಸಹಸ್ರಾರು ಕೂಲಿಯಾಳುಗಳನ್ನು ಕಳುಹಿಸಿತ್ತು. ಆದರೆ ಪ್ಯಾರಿಸ್ಸಿನ ಸಮ್ಮೇಳನವು ಷಾನ್‌ಟುಂಗ್ ಪ್ರಾಂತದಲ್ಲಿ ಜರ್ಮನಿಗಿದ್ದ ಹಕ್ಕುಗಳನ್ನು ಚೀನೀಯರಿಗೆ ಹಿಂದಿರುಗಿಸದೆ ಜಪಾನಿಗೆ ಒಪ್ಪಿಸಿತು. ಮೇ ೪ರಂದು ಸುಮಾರು ೩,೦೦೦ ವಿದ್ಯಾರ್ಥಿಗಳು ಪೀಕಿಂಗಿನ ಬೀದಿಗಿಳಿದರು; ಮುಂದಿನ ವಾರಗಳಲ್ಲಿ ವರ್ತಕರೂ ಕಾರ್ಮಿಕರೂ ಅವರೊಡನೆ ಕೂಡಿದರು. ಜೂನ್ ೨೮ರಂದು ವರ್ಸೇಲ್ಸಿನ ಕೌಲಿಗೆ ಚೀನಾದ ಪ್ರತಿನಿಧಿಗಳು ರುಜು ಹಾಕಲಿಲ್ಲ. ೧೯೨೨ರಲ್ಲಿ ಜಪಾನು ಆ ನೆಲವನ್ನು ಬಿಟ್ಟುಕೊಟ್ಟಿತು.

ಹಾಗಾದರೆ ಈ ತಾರೀಖಿಗೇನಾದರೂ ಮಹಿಮೆಯುಂಟೇ? ಇಲ್ಲ. ೧೫೮೨ರಲ್ಲಿ ಯೂರೋಪಿನ ಪಂಚಾಂಗವನ್ನು ತಿದ್ದಿದುದರಿಂದ, ಪೋಪನ ಮೇ ೪ ಈಗಿನ ಎಣಿಕೆಗೆ ಮೇ ೧೩ ಆಗುತ್ತದೆ. ದಿನ ಒಂದೇ ಎಂಬುದು ಬರಿಯ ಹೆಸರಿನ ಸಾಮ್ಯ. ಆದರೆ ಹೀಗೆ ಸಾಲಾಗಿ ನಿಲ್ಲಿಸಿದಾಗ ನಾಲ್ಕು ಘಟನೆಗಳೂ ಒಂದೇ ಪ್ರಶ್ನೆಯನ್ನು ಕೇಳುತ್ತವೆ: ಯಾರ ಬಾಳಿನ ವಿಷಯವಾಗಿ ನಿರ್ಣಯವಾಯಿತೋ ಅವರ ಮಾತನ್ನು ಕೇಳಿದರೇ? ಮೊದಲ ಮೇ ನಾಲ್ಕರಂದು ಆ ಜನಕ್ಕೆ ಸುದ್ದಿಯೇ ಇರಲಿಲ್ಲ. ಕೊನೆಯದರಲ್ಲಿ ಅವರು ಕೇಳುವವರಿಗಾಗಿ ಕಾಯಲಿಲ್ಲ. ನಡುವಣ ನಾನೂರ ಇಪ್ಪತ್ತಾರು ವರ್ಷಗಳಲ್ಲಿ ಮನುಷ್ಯನು ನಡೆದ ದೂರ ಅಷ್ಟು. ಅದು ಅಲ್ಪವೆಂದು ನಾನು ಹೇಳಲಾರೆ.