ತುತ್ತಿಗೊಂದು ಕಾಯಿದೆ ಬೇಕಾದದ್ದೇಕೆ?

ರಾಯಚೂರಿನಿಂದ ಮಂತ್ರಾಲಯಕ್ಕೆ ಹೋಗುವ ದಾರಿಯಲ್ಲಿ ಗಿಲ್ಲೆಸುಗೂರು ಇದೆ. ಅದನ್ನು ದಾಟಿ ಮುಂದೆ ಹೋದರೆ ತುಂಗಭದ್ರೆ. ನೂರೈವತ್ತು ವರ್ಷಗಳ ಹಿಂದೆ ಹೊಳೆಯ ಈಚೆಗೆ ನಿಜಾಮರ ರಾಜ್ಯ, ಆಚೆಗೆ ಬ್ರಿಟಿಷರ ಬಳ್ಳಾರಿ ಜಿಲ್ಲೆ. ಸರಕಾರಗಳು ಎರಡಾದರೂ ಬರ ಒಂದೇ ಆಗಿತ್ತು. 1876ರಲ್ಲಿ ಮಳೆ ಕೈಕೊಟ್ಟು ಶುರುವಾದ, ಹಿರಿಯರು ಧಾತು ಈಶ್ವರದ ಬರವೆಂದು ಕರೆದ ಆ ಕಾಲವನ್ನು ನಾವು ಹಸಿವಿನ ಕತೆಯಾಗಿ ಮಾತ್ರ ಕೇಳಿದ್ದೇವೆ. ಅದು ಬಜೆಟ್ಟಿನ ಕತೆಯೂ ಹೌದು.

1877ರ ಆರಂಭದಲ್ಲಿ ವೈಸ್‌ರಾಯ್ ಲಿಟ್ಟನ್ ಕಳುಹಿಸಿದ ಸರ್ ರಿಚರ್ಡ್ ಟೆಂಪಲ್ ಮದರಾಸು ಪ್ರಾಂತದ ಪರಿಹಾರ ಖರ್ಚನ್ನು ಇಳಿಸಲು ಬಂದರು. ಬರಗಾಲದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿನ ದಿನದ ಕೂಲಿ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ ಮತ್ತು ಒಂದು ಆಣೆಗೆ ಇಳಿಯಿತು. ಕಲ್ಲು ಒಡೆಯುವ ದೇಹ ಇಷ್ಟರಲ್ಲಿ ಉಳಿಯದು ಎಂದು ಪ್ರತಿಭಟಿಸಿದವರು ಪ್ರಾಂತದ ಆರೋಗ್ಯಾಧಿಕಾರಿ ಡಾ. ಕಾರ್ನಿಷ್. ಕೆಲವು ತಿಂಗಳ ನಂತರ ಮದರಾಸು ಸರಕಾರ ಕೂಲಿಯನ್ನು ಏರಿಸಿತು. ಆದರೆ ಸತ್ತವರು ಆ ಏರಿಕೆಗಾಗಿ ಕಾದಿರಲಿಲ್ಲ.

ಮುಂದಿನ ಬರಕ್ಕೆಂದು ಹೊಸ ತೆರಿಗೆ ಹಾಕಿ ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿ ತೆಗೆದಿಡುವ ಭರವಸೆಯನ್ನು ಸರಕಾರ ಕೊಟ್ಟಿತು. ಅಷ್ಟರಲ್ಲಿ 1878ರ ಅಫ್ಘಾನ್ ಯುದ್ಧ ಬಂತು, ಹಣ ಅತ್ತ ಹರಿಯಿತು. ತೆರಿಗೆ ಕೊಟ್ಟವರು ಕೇಳುವಂತಿರಲಿಲ್ಲ, ಏಕೆಂದರೆ ಅದು ಭರವಸೆಯಾಗಿತ್ತೇ ಹೊರತು ಹಕ್ಕಾಗಿರಲಿಲ್ಲ. ಅನಂತರ ಬಂದ ಬರಗಾಲದ ಸಂಹಿತೆಯೂ ಅಧಿಕಾರಿಗಳಿಗೆ ಕೊಟ್ಟ ಸೂಚನೆ ಮಾತ್ರ. ಹಸಿದವನು ಅದನ್ನು ಹಿಡಿದು ನ್ಯಾಯಾಲಯದ ಮೆಟ್ಟಿಲು ಹತ್ತುವಂತಿರಲಿಲ್ಲ.

ಸ್ವಾತಂತ್ರ್ಯಾನಂತರ ನಮ್ಮ ಸಂವಿಧಾನದ 47ನೇ ವಿಧಿ ಪೌಷ್ಟಿಕತೆಯನ್ನೂ ಸಾರ್ವಜನಿಕ ಆರೋಗ್ಯವನ್ನೂ ಒಟ್ಟಿಗೇ ಸರಕಾರದ ಕರ್ತವ್ಯವೆಂದಿತು. ಆದರೆ ನಿರ್ದೇಶಕ ತತ್ವವಾದ್ದರಿಂದ ಅದನ್ನು ನೇರವಾಗಿ ಜಾರಿ ಮಾಡಿಸಲಾಗದು. ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿದ್ದಾಗ ರಾಜಸ್ತಾನದಲ್ಲಿ ಜನ ಹಸಿದಿದ್ದರು. 2001ರಲ್ಲಿ ಪಿಯುಸಿಎಲ್ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷದ ನವೆಂಬರ್ 28ರಂದು ನ್ಯಾಯಾಲಯ ಪಡಿತರ, ಅಂಗನವಾಡಿ, ಶಾಲೆಯ ಬಿಸಿಯೂಟ ಮುಂತಾದ ಯೋಜನೆಗಳನ್ನು ಹಕ್ಕಿನ ಮಟ್ಟಕ್ಕೆ ಏರಿಸಿತು. 2004ರ ಏಪ್ರಿಲ್ 27ರ ಆದೇಶ ಇನ್ನೂ ಮುಂದೆ ಹೋಗಿ, ನ್ಯಾಯಾಲಯದ ಪೂರ್ವಾನುಮತಿಯಿಲ್ಲದೆ ಈ ಯೋಜನೆಗಳನ್ನು ನಿಲ್ಲಿಸುವಂತಿಲ್ಲ, ಮೊಟಕುಗೊಳಿಸುವಂತಿಲ್ಲ ಎಂದಿತು. ಬಡವರ ಅನ್ನಕ್ಕೆ ಖಜಾನೆಯ ಕತ್ತರಿಯಿಂದ ಸಿಕ್ಕ ಮೊದಲ ದೊಡ್ಡ ರಕ್ಷಣೆ ಅದು.

ಅದರ ಫಲ ನಮ್ಮ ಕಡೆಗೆ ಬೇಗ ಬಂತು. 2002ರ ಜೂನ್ 1ರಂದು ಕರ್ನಾಟಕದಲ್ಲಿ ಬಿಸಿಯೂಟ ಆರಂಭವಾದ ಏಳು ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಆದರೂ 2011ರ ಹೊತ್ತಿಗೆ ಇದೇ ಜಿಲ್ಲೆಯ ಅಪೌಷ್ಟಿಕ ಮಕ್ಕಳ ಸುದ್ದಿ ಪತ್ರಿಕೆಗಳಲ್ಲಿ ಬಂತು. ವಿಷಯ ಹೈಕೋರ್ಟಿನವರೆಗೆ ಹೋಗಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ 2012ರಲ್ಲಿ ವರದಿ ಕೊಟ್ಟಿತು. ದೇವದುರ್ಗ, ಮಾನ್ವಿ ತಾಲ್ಲೂಕುಗಳು ಅತ್ಯಂತ ಹಿಂದುಳಿದವು ಎಂದು ನಂಜುಂಡಪ್ಪ ಸಮಿತಿ ಹತ್ತು ವರ್ಷ ಮೊದಲೇ ಹೇಳಿತ್ತು.

2013ರಲ್ಲಿ ಸಂಸತ್ತು ಆಹಾರ ಭದ್ರತಾ ಕಾಯಿದೆಯನ್ನು ಮಾಡಿತು. ಇನ್ನು ಚಿಂತೆಯಿಲ್ಲ ಎಂದುಕೊಳ್ಳಬಹುದಿತ್ತು. ಆದರೆ 2015-16ರ ಕೇಂದ್ರ ಬಜೆಟ್ಟಿನಲ್ಲಿ ಅಂಗನವಾಡಿ ಯೋಜನೆಗೆ ತೆಗೆದಿಟ್ಟ ಹಣ ಹಿಂದಿನ ವರ್ಷದ ಅರ್ಧದಷ್ಟಕ್ಕೆ ಇಳಿಯಿತು. ರಾಜ್ಯಗಳ ತೆರಿಗೆ ಪಾಲು ಶೇ. 32ರಿಂದ 42ಕ್ಕೆ ಏರಿದೆ, ಅವೇ ನೋಡಿಕೊಳ್ಳಲಿ ಎಂಬ ವಾದ ಬಂತು. ಮುಂದೆ ಒಂದಷ್ಟು ಹಣ ಸೇರಿಸಿದರು. ಗರ್ಭಿಣಿಗೆ 6,000 ರೂಪಾಯಿಗೆ ಕಡಿಮೆಯಿಲ್ಲದ ಸಹಾಯ ಎಂದು ಕಾಯಿದೆಯಲ್ಲಿದ್ದರೆ, 2017ರ ಮಾತೃವಂದನಾ ಯೋಜನೆ 5,000ಕ್ಕೆ, ಅದೂ ಮೊದಲ ಹೆರಿಗೆಗೆ ಮಾತ್ರ ನಿಂತಿತು.

ಇದೇ ಕಾಯಿದೆಯ ಪಡಿತರ ಮಾತ್ರ ಉಳಿಯಿತು. ಏಕೆ? ತಲೆಗೆ ತಿಂಗಳಿಗೆ 5 ಕಿಲೋ ಎಂದು ಅಲ್ಲಿ ತೂಕದಲ್ಲಿ ಬರೆದಿದೆ. ಡಿಪೋದಲ್ಲಿ ಒಂದು ಕಿಲೋ ಕಡಿಮೆ ಬಂದರೆ ಮುದುಕಿಯೂ ಜಗಳ ತೆಗೆಯಬಲ್ಲಳು. ಅಂಗನವಾಡಿಯ ಊಟದ ಖರ್ಚು ಹಾಗಲ್ಲ. 2017ರಲ್ಲಿ ಮಗುವಿಗೆ ದಿನಕ್ಕೆ 8 ರೂಪಾಯಿ ಎಂದು ನಿಗದಿಯಾಗಿ, ವರ್ಷಗಟ್ಟಲೆ ಅಲ್ಲೇ ನಿಂತಿತು. ಬೇಳೆ, ಎಣ್ಣೆಯ ಬೆಲೆ ನಿಲ್ಲಲಿಲ್ಲ. ಯಾರೂ ಕತ್ತರಿ ಹಾಕದೆಯೇ ಆದ ಕಡಿತ ಇದು.

ಆರೋಗ್ಯದ ಕತೆ ಇನ್ನೂ ಹಿಂದಿದೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ಕ್ಕೆ ಜಿಡಿಪಿಯ ಶೇ. 2.5ರಷ್ಟು ಸರಕಾರಿ ವೆಚ್ಚವೆಂದಿತ್ತು. ಆ ವರ್ಷ ಬಂತು, ಗುರಿ ಮುಟ್ಟಲಿಲ್ಲ. ನೀತಿ ತಪ್ಪಿದರೆ ಕೇಳುವ ಕಾನೂನಿಲ್ಲ. ರಾಜಸ್ತಾನ 2023ರಲ್ಲಿ ಆರೋಗ್ಯದ ಹಕ್ಕಿಗೆ ಕಾಯಿದೆ ಮಾಡಿ ದಾರಿ ತೋರಿಸಿತು.

ಹಾಗಾದರೆ ನಾವು ಕೇಳಬೇಕಾದದ್ದು ಹೊಸ ಯೋಜನೆಯನ್ನಲ್ಲ. ಮಗುವಿನ ಊಟದ ದರ ಪ್ರತಿವರ್ಷ ಸಂತೆಯ ಬೆಲೆಯ ಜೊತೆ ಏರಬೇಕೆಂಬ ಒಂದು ಸಾಲು ಕಾಯಿದೆಯಲ್ಲಿ ಬರಲಿ. ಆಸ್ಪತ್ರೆಯ ಔಷಧಿ, ಸಿಬ್ಬಂದಿಯ ಕನಿಷ್ಠ ಪ್ರಮಾಣವೂ ಹಾಗೆಯೇ ಬರೆಯಲ್ಪಡಲಿ. ಕಾರ್ನಿಷ್ ಸಾಹೇಬರು 1877ರಲ್ಲಿ ಇದನ್ನು ಪತ್ರ ಬರೆದು ಕೇಳಬೇಕಾಯಿತು. ನಮಗೆ ಮತ ಇದೆ, ಶಾಸಕರಿದ್ದಾರೆ, ಪ್ರತಿವರ್ಷ ಬಜೆಟ್ ಅಧಿವೇಶನವೂ ನಡೆಯುತ್ತದೆ. ದೇವದುರ್ಗದ ಮಗುವಿನ ತಟ್ಟೆಯ ಪ್ರಶ್ನೆಯನ್ನು ಅಲ್ಲಿಯೇ ಕೇಳಿಸಬೇಕು.