ಎಡದಂಡೆಯ ಒಕ್ಕಲು



ನಮ್ಮ ಭಾಷೆಯಲ್ಲಿ ‘ಒಕ್ಕಲು’ ಎಂಬ ಮಾತೊಂದುಂಟು. ಉತ್ತು ಬಿತ್ತುವ ಸಂಸಾರವನ್ನು ಒಕ್ಕಲು ಎನ್ನುತ್ತೇವೆ. ಹೊಸಮನೆಗೆ ಕಾಲಿಡುವುದನ್ನು ಮನೆಯೊಕ್ಕಲು ಎನ್ನುತ್ತೇವೆ. ಇದ್ದ ನೆಲೆಯಿಂದ ಹೊರಡಿಸುವುದನ್ನು ಒಕ್ಕಲೆಬ್ಬಿಸುವುದು ಎನ್ನುತ್ತೇವೆ. ಬೇಸಾಯ, ಮನೆ, ನೆಲೆ ಈ ಮೂರನ್ನೂ ನಮ್ಮ ಹಿರಿಯರು ಒಂದೇ ಮಾತಿನಲ್ಲಿ ಅಡಗಿಸಿದ್ದಾರೆ. ಒಂದು ಸಂಸಾರವು ಹುಟ್ಟೂರನ್ನು ಬಿಟ್ಟು, ಬೇರೆ ಭಾಷೆಯ, ಬೇರೆ ರಾಜ್ಯದ ಹಳ್ಳಿಗಾಡಿನಲ್ಲಿ ಒಕ್ಕಲಾಗಬೇಕಾದರೆ ಏನೇನು ನಡೆಯುತ್ತದೆ, ಬಂದವರಿಗೆ ದೊರೆತುದೇನು, ಮೊದಲೇ ಇದ್ದವರಿಗೆ ಆದುದೇನು ಎಂಬುದನ್ನು ರಾಯಚೂರು ಜಿಲ್ಲೆಯ ಒಂದು ಸೀಮೆಯನ್ನು ಮುಂದಿಟ್ಟುಕೊಂಡು ಈ ದಿನ ವಿಚಾರ ಮಾಡೋಣ.

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ನಾಡಿಗೆ ಇತಿಹಾಸಕಾರರು ರಾಯಚೂರು ದೋಆಬ್ ಎಂದು ಹೆಸರಿಟ್ಟಿದ್ದಾರೆ. ಅದರಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಸೀಮೆಯೊಂದು. ವಳಕಮದಿನ್ನಿ ಈ ಸೀಮೆಯ ಹಳ್ಳಿ. ದಿನ್ನಿ ಎಂದರೆ ದಿಣ್ಣೆ, ಸುತ್ತಲಿನ ನೆಲಕ್ಕಿಂತ ಎತ್ತರವಾದ ಜಾಗ. ನೀರು ತಾನಾಗಿ ಏರಿಬಾರದ ನೆಲವೆಂಬುದನ್ನು ಇಂಥ ಹೆಸರೇ ಹೇಳುತ್ತದೆ. ಎಲ್ಲಿ ನೋಡಿದರೂ ಎರೆಯ ಭೂಮಿ; ನಡುನಡುವೆ ಮಸಾರಿ. ಹಿಂಗಾರಿನ ಬಿಳಿಜೋಳ, ಸಜ್ಜೆ, ನವಣೆ, ಹತ್ತಿ ಇವು ಇಲ್ಲಿಯ ಹಳೆಯ ಬೆಳೆಗಳು. ಎರಡು ಮಹಾನದಿಗಳ ನಡುವೆ ಇದ್ದರೂ ಮೋಡವನ್ನೇ ನಂಬಿ ಬದುಕಿದ ನಾಡು ಇದು.

ಹೊರಗಿನವರು ಇಲ್ಲಿಗೆ ಬರುವುದು ಹೊಸತಲ್ಲ. ಮಸ್ಕಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ. 1915ನೆಯ ಇಸವಿಯಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು ಅದನ್ನು ಕಂಡುಹಿಡಿದನು. ದೇವಾನಾಂಪ್ರಿಯನೆಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರೂ ವಿದ್ವಾಂಸರಿಗೆ ಮೊದಲು ದೊರೆತುದು ಈ ಬಂಡೆಯ ಮೇಲೆಯೇ. ಹನ್ನೊಂದನೆಯ ಶತಮಾನದಲ್ಲಿ ಚೋಳ ರಾಜೇಂದ್ರನಿಗೂ ಚಾಲುಕ್ಯ ಜಯಸಿಂಹನಿಗೂ ಕಾಳಗ ನಡೆದ ಮುಶಂಗಿಯೂ ಈ ಮಸ್ಕಿಯೇ ಎಂದು ಹಲವು ಪಂಡಿತರ ಮತ. ಮುಂದೆ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಈ ದೋಆಬಿಗಾಗಿಯೇ ಪೀಳಿಗೆಯಿಂದ ಪೀಳಿಗೆಗೆ ಹೋರಾಡಿದರು. 1853ರಲ್ಲಿ ನಿಜಾಮರು ಇದನ್ನು ಇಂಗ್ಲಿಷರ ಆಡಳಿತಕ್ಕೆ ಒಪ್ಪಿಸಬೇಕಾಯಿತು. 1860ರಲ್ಲಿ ಅದು ಮರಳಿ ಹೈದರಾಬಾದಿಗೆ ಸೇರಿತು. ಲಿಂಗಸುಗೂರಿನಲ್ಲಿ ಸೈನ್ಯದ ಛಾವಣಿಯಿತ್ತು. 1905ರ ವರೆಗೆ ಅದು ಒಂದು ಜಿಲ್ಲೆಯ ಕೇಂದ್ರವೂ ಆಗಿತ್ತು. ಆದರೆ ಅರಸರ ದಂಡು ಬಂದಂತೆಯೇ ಹೋಯಿತು. ದಂಡಿನವರು ಒಕ್ಕಲಾಗುವುದಿಲ್ಲ.

ಬಂದವರಿಗಿಂತ ಹೋದವರ ಕಥೆ ದೊಡ್ಡದು. 1876ರಿಂದ 1878ರ ವರೆಗಿನ ಕ್ಷಾಮವನ್ನು ನಮ್ಮ ಜನ ಆಯಾ ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರ ಬರವೆಂದು ನೆನೆಯುತ್ತಾರೆ. ಆ ಕಾಲದಲ್ಲಿ ಲಿಂಗಸುಗೂರು, ರಾಯಚೂರುಗಳ ಸೀಮೆ ಬಹಳವಾಗಿ ನೊಂದಿತು. ಬರ ಬಂದರೆ ಮನೆಗೆ ಬೀಗವಿಕ್ಕಿ, ದನಕರುಗಳನ್ನು ಹೊಡೆದುಕೊಂಡು, ನೀರಿರುವ ಕಡೆಗೆ ನಡೆಯುವುದು ಇಲ್ಲಿಯವರ ಪಾಡು. ಇದಕ್ಕೆ ‘ಗುಳೆ ಹೋಗುವುದು’ ಎನ್ನುತ್ತಾರೆ. ಗುಳೆ ಹೋದವನು ಒಕ್ಕಲಾಗಲು ಹೋದವನಲ್ಲ. ಮಳೆಯಾದರೆ ಹಿಂದಿರುಗುವೆನೆಂಬ ಆಸೆ ಇಟ್ಟುಕೊಂಡೇ ಹೋದವನು.

ಈ ಬರಗಾಲಗಳಿಗೆ ಪರಿಹಾರವೆಂದೇ ತುಂಗಭದ್ರೆಗೆ ಅಣೆ ಕಟ್ಟುವ ಯೋಚನೆ ಹುಟ್ಟಿತು. 1860ರ ಸುಮಾರಿನಲ್ಲಿಯೇ ಸರ್ ಆರ್ಥರ್ ಕಾಟನ್ ಇದನ್ನು ಸೂಚಿಸಿದ್ದನು. ಆದರೆ ನದಿಯ ಒಂದು ದಡ ಮದರಾಸಿನದು, ಇನ್ನೊಂದು ನಿಜಾಮರದು. ಇಬ್ಬರ ನಡುವೆ ಒಪ್ಪಂದವಾದುದು 1944ರಲ್ಲಿ. ಅಸ್ತಿಭಾರ ಬಿದ್ದುದು 1945ರ ಫೆಬ್ರವರಿಯಲ್ಲಿ. ಕಾಲುವೆಗೆ ನೀರು ಹರಿದುದು 1953ರಲ್ಲಿ. ಅಷ್ಟರಲ್ಲಿ ನಿಜಾಮರ ಆಳ್ವಿಕೆಯೇ ಮುಗಿದುಹೋಗಿತ್ತು. ಎಡದಂಡೆಯ ಕಾಲುವೆ 227 ಕಿಲೋಮೀಟರು ಉದ್ದ. ಆರು ಲಕ್ಷ ಎಕರೆಗೆ ಸಮೀಪದ ಭೂಮಿಗೆ ಅದು ನೀರುಣಿಸಬೇಕೆಂಬುದು ಸಂಕಲ್ಪ.

ನೀರು ಬಂದಿತು. ಆದರೆ ಬಿಳಿಜೋಳದ ರೈತನಿಗೆ ಅದರಿಂದ ಒಡನೆ ಸಂಪತ್ತು ಬರಲಿಲ್ಲ. ಎರೆಯ ಹೊಲವನ್ನು ಗದ್ದೆ ಮಾಡಬೇಕಾದರೆ ನೆಲವನ್ನು ಮಟ್ಟ ಮಾಡಬೇಕು, ಬದು ಹಾಕಬೇಕು, ಹೊಲಗಾಲುವೆ ತೆಗೆಯಬೇಕು, ಗೊಬ್ಬರಕ್ಕೂ ಆಳಿಗೂ ಮುಂಗಡ ಹಣ ಸುರಿಯಬೇಕು. ಗಂಗಾವತಿಯ ಕಡೆಯವರಿಗೆ ವಿಜಯನಗರದ ಕಾಲದ ಕಾಲುವೆಗಳಿಂದ ಭತ್ತದ ಪರಿಚಯವಿತ್ತು. ಸಿಂಧನೂರಿನ ಕಡೆಯವರಿಗೆ ಅದೂ ಇರಲಿಲ್ಲ. ಕೂರಿಗೆ ಕುಂಟೆಗಳಿಂದ ಬದುಕಿದವನ ಕೈಗೆ ಕಾಲುವೆಯ ನೀರು ಬಂದಾಗ ಅವನಲ್ಲಿ ಹಣವೂ ಇಲ್ಲ, ಆ ವಿದ್ಯೆಯೂ ಇಲ್ಲ.

ಇವೆರಡೂ ಇದ್ದವರು ಪೂರ್ವದ ಕರಾವಳಿಯಲ್ಲಿದ್ದರು. ಗೋದಾವರಿ, ಕೃಷ್ಣಾ ನದಿಗಳ ಮುಖಜಭೂಮಿಯಲ್ಲಿ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿಯೇ ಅಣೆಕಟ್ಟುಗಳಾಗಿ, ನೂರು ವರ್ಷಗಳ ನೀರಾವರಿಯ ಅನುಭವ ಅಲ್ಲಿಯವರಿಗಿತ್ತು. ಅಲ್ಲಿ ಜನ ಹೆಚ್ಚಿ, ಅಣ್ಣತಮ್ಮಂದಿರಲ್ಲಿ ಪಾಲಾಗಿ ಹೊಲಗಳು ಚಿಕ್ಕವಾಗಿದ್ದುವು. ಎಕರೆಯ ಬೆಲೆ ಮಾತ್ರ ಏರಿತ್ತು. ಅಲ್ಲಿ ಒಂದು ಎಕರೆ ಮಾರಿದ ಹಣದಲ್ಲಿ ಇಲ್ಲಿ ಹಲವು ಎಕರೆ ಕೊಳ್ಳಬಹುದಾಗಿತ್ತು. ಈ ಲೆಕ್ಕವನ್ನು ಅವರು ಒಮ್ಮೆ ಮಾಡಿ ನೋಡಿದ್ದರು. ಮಂಜೀರಾ ನದಿಗೆ ಕಟ್ಟಿದ ನಿಜಾಮಸಾಗರ 1931ರಲ್ಲಿ ಮುಗಿದಾಗ ಅನೇಕ ಸಂಸಾರಗಳು ಆ ಕಾಲುವೆಯ ಕೆಳಗೆ ಹೋಗಿ ನೆಲಸಿದ್ದುವು. ಈಗ ತುಂಗಭದ್ರೆಯ ಕಡೆಗೆ ಮುಖಮಾಡಿದರು.

ಹಾಗೆ ಬಂದವರು ಹಳೆಯ ಊರಿನೊಳಗೆ ಮನೆಮಾಡಲಿಲ್ಲ. ಕೊಂಡ ಹೊಲದ ಪಕ್ಕದಲ್ಲಿಯೇ, ನೆಂಟರಿಷ್ಟರ ಕೆಲವು ಮನೆಗಳು ಒಟ್ಟಾಗಿ, ಬಿಡಾರ ಹೂಡಿದರು. ಇಂಥ ಬಿಡಾರಗಳಿಗೆ ‘ಕ್ಯಾಂಪು’ ಎಂಬ ಹೆಸರಾಯಿತು. ದಂಡಿನವರು, ಅಧಿಕಾರಿಗಳು ನಾಲ್ಕು ದಿನ ತಂಗುವ ಡೇರೆಗೆ ಸಲ್ಲುವ ಮಾತು ಅದು. ಡೇರೆ ಗುಡಿಸಲಾಯಿತು, ಗುಡಿಸಲು ಮಾಳಿಗೆಯಾಯಿತು, ರಾಮಮಂದಿರ ಬಂದಿತು, ಅಕ್ಕಿಯ ಗಿರಣಿ ಬಂದಿತು. ಹೆಸರು ಮಾತ್ರ ಕ್ಯಾಂಪಾಗಿಯೇ ಉಳಿಯಿತು. ಎಪ್ಪತ್ತು ವರ್ಷಗಳ ಮೇಲೆಯೂ ಅಲ್ಲಿಯ ಮೂರನೆಯ ತಲೆಮಾರಿನವರು ‘ಕ್ಯಾಂಪಿನವರು’ ಎನಿಸಿಕೊಳ್ಳುತ್ತಾರೆ.

ಇಲ್ಲಿ ಚರಿತ್ರೆಯ ಒಂದು ವಿನೋದವನ್ನು ಹೇಳಬೇಕು. ಕೃಷ್ಣಾ ತೀರದ ಅಣ್ಣತಮ್ಮಂದಿರಿಬ್ಬರನ್ನು ಭಾವಿಸಿಕೊಳ್ಳೋಣ. ಅಣ್ಣನು ಮೊದಲೇ ನಿಜಾಮಸಾಗರಕ್ಕೆ ಹೋದನು. ತಮ್ಮನು 1954ರಲ್ಲಿ ಸಿಂಧನೂರಿಗೆ ಬಂದನು. ಆಗ ಇಬ್ಬರೂ ಹೈದರಾಬಾದು ರಾಜ್ಯದ ಪ್ರಜೆಗಳು. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದುವು. ಅಣ್ಣನ ಊರು ಹುಟ್ಟೂರಿನೊಡನೆ ಆಂಧ್ರಪ್ರದೇಶಕ್ಕೆ ಸೇರಿತು. ತಮ್ಮನ ಹೊಲ ಮೈಸೂರು ರಾಜ್ಯಕ್ಕೆ ಬಂದಿತು. 1973ರಲ್ಲಿ ಆ ರಾಜ್ಯವೇ ಕರ್ನಾಟಕವೆನಿಸಿತು. 2014ರಲ್ಲಿ ತೆಲಂಗಾಣ ಬೇರೆಯಾದಾಗ ಅಣ್ಣನ ಮಕ್ಕಳೂ ಹುಟ್ಟೂರಿನವರಿಗೆ ಹೊರರಾಜ್ಯದವರಾದರು. ಇವರಾರೂ ಮನೆ ಬದಲಿಸಲಿಲ್ಲ. ಎಲ್ಲೆಯೇ ಇವರ ಅಂಗಳವನ್ನು ದಾಟಿಹೋಯಿತು. ಸ್ವದೇಶ, ಪರದೇಶ ಎಂಬ ಮಾತುಗಳನ್ನು ಬಳಸುವಾಗ ನಾವು ಇದನ್ನು ನೆನೆಯಬೇಕು.

ಇನ್ನು ಮೊದಲೇ ಇದ್ದವರ ಮಾತು. ಬಂದವರ ಶ್ರಮದಿಂದ ಸಿಂಧನೂರು ಗಂಗಾವತಿಗಳು ಭತ್ತದ ಕಣಜಗಳಾದುವು ಎಂದು ಹೊಗಳುವುದುಂಟು. ಹೊಗಳಿಕೆ ಸುಳ್ಳಲ್ಲ, ಪೂರ್ಣವೂ ಅಲ್ಲ. ಭೂಮಿಯನ್ನು ಕೊಂಡವನಿದ್ದರೆ ಮಾರಿದವನೂ ಇದ್ದಾನೆ. ಮಳೆಯ ಹೊಲಕ್ಕೆ ಇದ್ದ ಬೆಲೆಗೇ ಕೆಲವರು ಭೂಮಿಯನ್ನು ಕೊಟ್ಟುಬಿಟ್ಟರು. ಸಾಲ ತೀರಿತು, ಮಗಳ ಮದುವೆ ಆಯಿತು. ಕೆಲವು ವರ್ಷಗಳಲ್ಲಿ ಅದೇ ನೆಲ ಎರಡು ಬೆಳೆಯ ಗದ್ದೆಯಾಗಿ ಬೆಲೆ ಹಲವು ಮಡಿ ಏರಿದಾಗ, ಮಾರಿದವನ ಮನೆಯವರು ಅಲ್ಲಿಗೆ ನಾಟಿಗೂ ಕೊಯ್ಲಿಗೂ ಕೂಲಿ ಹೋಗಬೇಕಾಯಿತು. ಇದರಲ್ಲಿ ಮೋಸವಾಯಿತೆಂದು ಎಲ್ಲ ಕಡೆಯೂ ಹೇಳಲಾಗದು. ಪತ್ರವಾಯಿತು, ಹಣ ಸಂದಿತು. ಆದರೆ ನೀರಿನ ಬೆಲೆ ಬಲ್ಲವನಿಗೂ ಅರಿಯದವನಿಗೂ ನಡೆದ ವ್ಯಾಪಾರ ಸರಿಸಮಾನರ ವ್ಯಾಪಾರವಲ್ಲ. ಕಾಲುವೆಯನ್ನು ತೋಡಿದ ಸರ್ಕಾರವು ಹೊಲವನ್ನು ಮಟ್ಟ ಮಾಡಿಕೊಳ್ಳಲು ಬಡರೈತನಿಗೆ ಸಾಲವನ್ನೂ ತಿಳಿವಳಿಕೆಯನ್ನೂ ಅಷ್ಟೇ ಧಾರಾಳವಾಗಿ ಒದಗಿಸಿದ್ದರೆ ಈ ನೆಲದಲ್ಲಿ ಮಾರಾಟ ಇಷ್ಟು ನಡೆಯುತ್ತಿರಲಿಲ್ಲ. ತಪ್ಪನ್ನು ಬಂದವನ ಮೇಲೆ ಹೊರಿಸುವುದು ಸುಲಭ. ಮೊದಲು ನೋಡಬೇಕಾದುದು ಇದನ್ನು.

ಎರಡನೆಯ ವಿಷಯ ನೀರಿನದು. ಎಡದಂಡೆಯ ಕಾಲುವೆಯನ್ನು ಭತ್ತಕ್ಕಾಗಿ ರೂಪಿಸಿರಲಿಲ್ಲ. ಬರವನ್ನು ತಡೆಯುವುದು ಉದ್ದೇಶವಾದುದರಿಂದ, ಸ್ವಲ್ಪ ನೀರನ್ನು ಬಹಳ ನೆಲಕ್ಕೆ ಹಂಚುವ ಏರ್ಪಾಡು ಅದು. ಯಾವ ಸರ್ವೆ ನಂಬರಿನಲ್ಲಿ ಜೋಳ, ಯಾವುದರಲ್ಲಿ ಹತ್ತಿ, ಯಾವುದರಲ್ಲಿ ಭತ್ತ ಎಂದು ಸರ್ಕಾರದವರೇ ಗೊತ್ತುಮಾಡಿದ್ದರು. ಭತ್ತಕ್ಕೆ ಲಾಭ ಕಂಡುದರಿಂದ ಕಟ್ಟಳೆ ಕಾಗದದಲ್ಲಿ ಉಳಿಯಿತು. ಮೇಲ್ಭಾಗದವರು ಮಡಿ ತುಂಬಿಸಿಕೊಂಡರು. ಕೆಳಗೆ ಮಾನ್ವಿ ರಾಯಚೂರುಗಳ ಕಡೆ ಕೊನೆಯ ಭಾಗದ ರೈತರು ಬರಿಯ ಕಾಲುವೆಯನ್ನು ನೋಡುತ್ತ ಕುಳಿತರು. ಇದನ್ನು ಕ್ಯಾಂಪಿನವರು ಮಾತ್ರ ಮಾಡಿದರೆನ್ನುವುದು ನ್ಯಾಯವಲ್ಲ. ಅವರನ್ನು ನೋಡಿ ಕಲಿತ ಕನ್ನಡದ ರೈತರೂ ಭತ್ತವನ್ನೇ ಹಿಡಿದರು. ನೀರು ಹೆಚ್ಚಿ ಎರೆಯ ನೆಲ ಕೆಲವೆಡೆ ಸವಳಾಯಿತು, ಜವಳಾಯಿತು. ಜಲಾಶಯದಲ್ಲಿಯೂ ಹೂಳು ತುಂಬಿ, ಮೊದಲು 133 ಟಿ.ಎಂ.ಸಿ.ಯಷ್ಟಿದ್ದ ಶೇಖರಣೆ ಈಗ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೆಯ ಬಾಗಿಲು ಕೊಚ್ಚಿಹೋದ ರಾತ್ರಿ ಕ್ಯಾಂಪಿನವನೂ ಹಳ್ಳಿಯವನೂ, ಮೇಲ್ಭಾಗದವನೂ ಕೊನೆಭಾಗದವನೂ ಒಂದೇ ಚಿಂತೆಯಲ್ಲಿ ಎಚ್ಚರವಿದ್ದಿರಬೇಕು.

ಇದೇ ಸಿಂಧನೂರು ತಾಲ್ಲೂಕಿಗೆ ಇನ್ನೊಂದು ಬಗೆಯ ಒಕ್ಕಲೂ ಬಂದಿತು. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಲಿ ಹಿಂದೂ ಸಂಸಾರಗಳನ್ನು 1970ರ ಸುಮಾರಿನಲ್ಲಿ ಸರ್ಕಾರವು ಇಲ್ಲಿಗೆ ಕರೆತಂದು ಪುನರ್ವಸತಿಯ ಕ್ಯಾಂಪುಗಳಲ್ಲಿ ನೆಲೆಗೊಳಿಸಿತು. ಕರಾವಳಿಯ ರೈತನು ಲೆಕ್ಕ ಹಾಕಿ ಬಂದವನು. ತಾಳದಿದ್ದರೆ ಹಿಂದಿರುಗಲು ಅವನಿಗೆ ಊರಿತ್ತು. ಇವರಿಗೆ ಹಿಂದೆ ಊರಿಲ್ಲ. ಕೆರೆ ಹೊಳೆಗಳ ನಾಡಿನವರು ಈ ಬಿಸಿಲಿನ ಬಯಲಲ್ಲಿ ಮೀನನ್ನೂ ಭತ್ತವನ್ನೂ ಹುಡುಕಿಕೊಂಡು ಬದುಕಿದರು. ಮಕ್ಕಳು ಕನ್ನಡ ಶಾಲೆಯಲ್ಲಿ ಕಲಿತರು, ಮನೆಯಲ್ಲಿ ದುರ್ಗಾಪೂಜೆ ನಡೆಯಿತು. ಆದರೆ ಕಾಗದದ ಕಷ್ಟ ಬಹುಕಾಲ ಬಿಡಲಿಲ್ಲ. ಪರಿಶಿಷ್ಟ ಜಾತಿಗಳ ಪಟ್ಟಿಯನ್ನು ನಮ್ಮ ಸಂವಿಧಾನದ 341ನೆಯ ವಿಧಿ ರಾಜ್ಯವಾರಾಗಿ ಏರ್ಪಡಿಸುತ್ತದೆ. ಆದುದರಿಂದ ಬಂಗಾಲದ ಪಟ್ಟಿಯಲ್ಲಿರುವ ನಾಮಶೂದ್ರರಿಗೆ ಇಲ್ಲಿ ಆ ಸೌಲಭ್ಯ ದೊರೆಯಲಿಲ್ಲ. ಅವರಲ್ಲಿ ಕೆಲವರಿಗೆ ಪೌರತ್ವದ ಪ್ರಮಾಣಪತ್ರವೇ ಕೈಸೇರಿದುದು 2024ರಲ್ಲಿ. ಅರ್ಧ ಶತಮಾನ ಉತ್ತು ಬಿತ್ತಿದವನು ಒಕ್ಕಲು ಹೌದೋ ಅಲ್ಲವೋ ಎಂಬುದು ಕಛೇರಿಯ ಪ್ರಶ್ನೆಯಾಗಿ ಉಳಿದಿತ್ತು.

ಹಾಗಾದರೆ ಹೊರಗಿನವನು ಒಕ್ಕಲಾಗುವುದು ಯಾವಾಗ? ಕ್ರಯಪತ್ರವಾದ ದಿನವೇ? ಮಗುವು ಶಾಲೆಯಲ್ಲಿ ಕನ್ನಡದ ಅಕ್ಷರ ತಿದ್ದಿದ ದಿನವೇ? ಹಟ್ಟಿ, ತಾಂಡಾ, ಕ್ಯಾಂಪುಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡುವ ಕಾರ್ಯವನ್ನು ಈಚಿನ ವರ್ಷಗಳಲ್ಲಿ ಸರ್ಕಾರ ಕೈಗೊಂಡಿದೆ. ಅದು ಬೇಕಾದದ್ದೇ. ಆದರೆ ಅದಕ್ಕಿಂತ ದೊಡ್ಡ ಪರೀಕ್ಷೆ ತೂಬಿನ ಬಳಿಯಲ್ಲಿದೆ. ಕೆಳಗಿನ ಹೊಲದವನ ಪಾಲಿನ ನೀರನ್ನು ಬಿಟ್ಟುಕೊಡುವವನು ಯಾವ ಭಾಷೆಯವನಾದರೂ ಆ ಊರಿನವನು. ಬಿಟ್ಟುಕೊಡದವನು ಅಲ್ಲಿಯೇ ಹುಟ್ಟಿದ್ದರೂ ಬಿಡಾರದವನು. ಎಡದಂಡೆಯ ಭತ್ತ ದೇಶವನ್ನೆಲ್ಲ ಸುತ್ತುತ್ತಿರುವಾಗ, ಅದೇ ಜಿಲ್ಲೆಯ ಮಳೆಯಾಶ್ರಯದ ಹಳ್ಳಿಗಳಿಂದ ಇಂದಿಗೂ ಸಂಸಾರಗಳು ಬೆಂಗಳೂರಿನ ಕಟ್ಟಡಗಳಿಗೆ ಗುಳೆ ಬರುತ್ತಿವೆ. ನಗರವಾಸಿಗಳಾದ ತಮ್ಮ ಬೀದಿಯ ಕೊನೆಯಲ್ಲಿ ತಗಡಿನ ಗುಡಿಸಲು ಹಾಕಿಕೊಂಡವರು ಆ ದೋಆಬಿನವರೇ ಆಗಿರಬಹುದು. ಅವರ ಬಿಡಾರವನ್ನೂ ನಾವು ಕ್ಯಾಂಪು ಎಂದು ಕರೆದು ಸುಮ್ಮನಾಗುವೆವೋ, ನೆರೆಯ ಒಕ್ಕಲೆಂದು ಕಾಣುವೆವೋ ಎಂಬ ಪ್ರಶ್ನೆಯನ್ನು ತಮ್ಮ ಮುಂದಿಡುತ್ತೇನೆ.